ಅಕ್ಕನ ಕಾಲುಪಟ್ಟಿ

ಹದಿನಾಲ್ಕು ವರ್ಷ ನನ್ನ ಗಾಡಿಯ ಹಿಂದೆ ಕುಳಿತ ಅಕ್ಕನಿಗೆ, ‘ಕುಂತಿದ್ದು ಬರೋಬರಿ ಆಗ್ಯಾದೇನು?’ ಎಂದು ನಾನು ಒಂದು ಸಲವೂ ಕೇಳಲಿಲ್ಲ. ಗಾಡಿಯನ್ನು ಕೇಳಿದ್ದೇನೆ. ಚಳಿಗಾಲದ ಬೆಳಿಗ್ಗೆ ಅದು ಕೆಮ್ಮಿದರೆ ಟ್ಯಾಂಕಿನ ಮೇಲೆ ಕೈಯಿಟ್ಟು, ‘ಯಾಕಪಾ, ಏನಾತು?’ ಎಂದು ವಿಚಾರಿಸಿದ್ದೇನೆ. ಹಿಂದೆ ಕುಳಿತವಳನ್ನು ವಿಚಾರಿಸಲಿಲ್ಲ.

ಇದನ್ನು ಈಗ ಬರೆಯುವುದಕ್ಕೆ ಕಾರಣ ನಮ್ಮ ಹೊಸ್ತಿಲ ಮುಂದಿದ್ದ ಒಂದು ಕಬ್ಬಿಣದ ಪಟ್ಟಿ. ನಮ್ಮೂರು ಸರಸಂಬಾದ್ದು ಎರೆಮಣ್ಣು. ನಾಲ್ಕು ಹನಿ ಬಿದ್ದರೆ ಸಾಕು, ಚಪ್ಪಲಿಗೆ ಇನ್ನೊಂದು ಚಪ್ಪಲಿ ಅಂಟಿಕೊಂಡಂತೆ ಮಣ್ಣು ಹತ್ತುತ್ತದೆ. ಅದನ್ನು ಕೆರೆದು ಒಳಗೆ ಬರಲೆಂದು ಎಲ್ಲರ ಮನೆಯ ಮುಂದೂ ಏನಾದರೊಂದು ಇರುತ್ತದೆ, ಮುರಿದ ಕುಂಟೆಯ ಕುಡವೋ, ಸವೆದ ಸಲಿಕೆಯೋ. ನಮ್ಮ ಮನೆಯ ಮುಂದಿದ್ದದ್ದು ಗೇಣಿಗಿಂತ ಸ್ವಲ್ಪ ಉದ್ದದ, ಗೆರೆ ಗೆರೆ ಇದ್ದ ಪಟ್ಟಿ. ಎರಡು ಮೊಳೆ ಹೊಡೆದು, ಸಿಮೆಂಟು ಮೆತ್ತಿ ನಾನೇ ಕೂರಿಸಿದ್ದು. ಬಂದವರೆಲ್ಲ ಅದನ್ನು ಹೊಗಳುತ್ತಿದ್ದರು. ಅದು ಏನು, ಎಲ್ಲಿಂದ ಬಂತು ಎಂಬುದನ್ನು ಆಮೇಲೆ ಹೇಳುತ್ತೇನೆ. ಈಗಲೇ ಹೇಳಲು ನಾಚಿಕೆಯಾಗುತ್ತದೆ.

ಮೊದಲು ನನ್ನ ಕೆಲಸದ ಬಗ್ಗೆ ಹೇಳಿಬಿಡುತ್ತೇನೆ. ಹಳ್ಳಿಯ ಹಿಟ್ಟಿನ ಗಿರಣಿಯೊಳಗೆ ಎರಡು ಕಲ್ಲು ಇರುತ್ತವಲ್ಲ, ಅವು ಬೀಸಿ ಬೀಸಿ ನುಣ್ಣಗಾಗುತ್ತವೆ. ನುಣ್ಣಗಾದರೆ ಹಿಟ್ಟು ಸುಡುತ್ತದೆ, ಸುಟ್ಟ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚು ಸೀಳುತ್ತದೆ. ಆಗ ಗಿರಣಿಯವರು ನನಗೆ ಫೋನು ಮಾಡುತ್ತಾರೆ. ನಾನು ಉಳಿ, ಸುತ್ತಿಗೆ ತಗೊಂಡು ಹೋಗಿ, ಕಲ್ಲು ಬಿಚ್ಚಿ, ಅದರ ಮೈಮೇಲೆ ಸಾಲು ಸಾಲಾಗಿ ಕಚ್ಚು ಹೊಡೆದು ಕೂರಿಸಿ ಬರುತ್ತೇನೆ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನೊಳಗೆ ಈ ಕೆಲಸದವರು ಈಗ ಬೆರಳೆಣಿಕೆ. ಹಾಗಾಗಿ ನನ್ನ ಬಾಳುವೆಯ ಅರ್ಧ ಕಲ್ಲಿನ ಮುಂದೆ, ಇನ್ನರ್ಧ ಗಾಡಿಯ ಮೇಲೆ.

ಈ ಕೆಲಸದಲ್ಲಿ ಒಂದು ಪೇಚು ಇದೆ. ಕಚ್ಚು ಹೊಡೆದ ಕಲ್ಲು ಮೊದಲು ಕೊಡುವುದು ಹಿಟ್ಟಲ್ಲ, ಹರಳು. ಎರಡು ಮೂರು ಸಲ ಹೊಟ್ಟು ಹಾಕಿ ಓಡಿಸಬೇಕು, ಆಮೇಲೆ ಜೋಳ ಹಾಕಬೇಕು. ಹರಳು ಪೂರಾ ಹೋಯಿತೋ ಇಲ್ಲವೋ ಎಂದು ಯಾರಾದರೂ ಹೇಳಬೇಕು. ನಾನು ಹೇಳಿದರೆ ಯಾರೂ ನಂಬುವುದಿಲ್ಲ. ಮೂವತ್ತು ವರ್ಷದ ಎಲೆ ಅಡಿಕೆ ಸುಣ್ಣದಿಂದ ನನ್ನ ನಾಲಿಗೆ ಚಪ್ಪಲಿಯ ಅಟ್ಟೆ ಆಗಿದೆ. ಹೇಳುತ್ತಿದ್ದವಳು ನಮ್ಮಕ್ಕ ಮಹಾದೇವಿ. ಒಂದು ಚಿಟಿಕೆ ಹಿಟ್ಟು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಮುಂದಿನ ಹಲ್ಲಿನಿಂದ ಮೆಲ್ಲಗೆ ಒತ್ತುತ್ತಾಳೆ. ಗಿರಣಿಯೊಳಗಿನ ಜನವೆಲ್ಲ ಸುಮ್ಮನಾಗುತ್ತದೆ. ‘ಇನ್ನೊಂದು ಸಲ ಹೊಟ್ಟು ಹಾಕ್ರಿ’ ಎಂದರೆ ಹಾಕಬೇಕು. ‘ಆತ್ರಿ’ ಎಂದರೆ ಆಯಿತು. ಆಮೇಲೆ ಗಿರಣಿಯವರ ಮನೆಯೊಳಗೇ ಒಂದು ರೊಟ್ಟಿ ಬಡಿದು, ಅಂಚು ಸೀಳದಿದ್ದದ್ದನ್ನು ಎಲ್ಲರಿಗೂ ತೋರಿಸಿ, ನನಗೆ ಅರ್ಧ ಕೊಟ್ಟು ತಾನರ್ಧ ತಿನ್ನುತ್ತಾಳೆ. ಅಕ್ಕ ತಿಂದಳೆಂದರೆ ಊರೇ ಜೋಳದ ಬುಟ್ಟಿ ಹೊತ್ತು ಬರುತ್ತಿತ್ತು.

ಅಕ್ಕನನ್ನು ಕೊಟ್ಟದ್ದು ನಮ್ಮೂರಿನೊಳಗೇ, ಎರಡು ಓಣಿ ಆಚೆ. ಅವಳ ಗಂಡ, ನಮ್ಮ ಮಾವ, ಕಬ್ಬಿನ ಹಂಗಾಮು ಇರುವ ತನಕ ಭೂಸನೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾನೆ. ಹಾಗಾಗಿ ಅಕ್ಕನಿಗೆ ನನ್ನ ಜೊತೆ ಬರಲು ಆಗುತ್ತಿತ್ತು. ಬರುತ್ತಿದ್ದಳು. ಬಾ ಎಂದಾಗೆಲ್ಲ ಬರುತ್ತಿದ್ದಳು.

ಈಗ ಗಾಡಿಯ ಸುಖದ ಮಾತು. ದೂರದ ದಾರಿಯಲ್ಲಿ ಮೈ ನೋಯದಂತೆ ಗಾಡಿ ಓಡಿಸುವುದು ಹೇಗೆ ಎಂಬ ವಿಷಯದಲ್ಲಿ ನಮ್ಮ ಕಡೆ ನಾನು ದೊಡ್ಡ ಪಂಡಿತ. ಓದಿದ್ದು ನಾಲ್ಕನೆಯ ಇಯತ್ತೆಯಾದರೂ ಇದರಲ್ಲಿ ಯಾರಿಗಾದರೂ ಪಾಠ ಹೇಳಬಲ್ಲೆ. ಬೇಸಿಗೆಯಲ್ಲಿ ಸೀಟಿನ ಮೇಲೆ ಗೋಣಿತಟ್ಟು ಹಾಸಿ ನೀರು ಚಿಮುಕಿಸಬೇಕು. ಅಂಗಿಯ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳಬೇಕು, ಬಿಸಿಲು ಹೊಡೆಯುವುದಿಲ್ಲ. ಚಳಿಗಾಲದಲ್ಲಿ ಅಂಗಿಯ ಒಳಗೆ ಎದೆಗೆ ಹಳೆಯ ಪೇಪರು ಇಟ್ಟುಕೊಂಡರೆ ಸ್ವೆಟರು ಬೇಡ. ನಾನಂತೂ ಎಷ್ಟೋ ಸುದ್ದಿಯನ್ನು ಓದದೆ ಎದೆಗೆ ಒತ್ತಿಕೊಂಡು ತಿರುಗಿದ್ದೇನೆ. ತಗ್ಗು ಬಂದಾಗ ಕೂತೇ ಇರಬಾರದು, ಕಾಲಿನ ಮೇಲೆ ಭಾರ ಹಾಕಿ ಒಂಚೂರು ಏಳಬೇಕು. ಹೊರಡುವ ಮುಂಚೆ ಚಹಾ ಒಂದೇ ಕಪ್ಪು. ಬೇವಿನ ಗಿಡ ಕಂಡಲ್ಲಿ ನಿಲ್ಲಬೇಕು, ಜಾಲಿಯ ಗಿಡದ ಕೆಳಗೆ ನಿಲ್ಲಬಾರದು. ಯಾಕೆ ಎಂದು ನಿಮ್ಮ ಟೈರು ಹೇಳುತ್ತದೆ.

ಬೆನ್ನು ಬಾಗಬಾರದೆಂದು ಹ್ಯಾಂಡಲನ್ನು ಎತ್ತರ ಮಾಡಿಸಿದೆ. ಸೀಟು ಗಟ್ಟಿಯಾಯಿತೆಂದು ಆಳಂದದ ಖಾಜಾನ ಹತ್ತಿರ ಹೋದೆ. ಖಾಜಾ ನನ್ನ ದೋಸ್ತ, ಸೀಟು ಹೊಲಿಯುವುದು ವೆಲ್ಡಿಂಗು ಮಾಡುವುದು ಎರಡೂ ಬಲ್ಲವ.

‘ಪೂರಾ ಫೋಮು ಹೊಸಾದು ಹಾಕ್ಲೇನು, ಮುಂದಿಂದಷ್ಟ?’ ಎಂದು ಕೇಳಿದ.

‘ಮುಂದಿಂದಷ್ಟ ಹಾಕು. ಹಿಂದಿಂದು ಚಲೋನ ಅದ’ ಎಂದೆ.

ಹಿಂದಿನದು ಚಲೋ ಇದೆ ಎಂದು ನನಗೆ ಹೇಗೆ ಗೊತ್ತಿತ್ತು? ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿದ್ದೆ. ಅರವತ್ತು ಮೈಲಿ ಹೆಬ್ಬೆರಳು ಕೂರುವುದಿಲ್ಲ.

ಇನ್ನು ಆ ಪಟ್ಟಿಯ ಮಾತು ತಪ್ಪಿಸಲು ಆಗುವುದಿಲ್ಲ. ಹೊಸ ಗಾಡಿ ಕೊಂಡರೆ ಎಡಗಡೆ ಹಿಂದೆ ಒಂದು ಕಾಲುಪಟ್ಟಿ ಕೂರಿಸಿ ಕೊಡುತ್ತಾರೆ, ನೀವು ನೋಡಿರುತ್ತೀರಿ. ಸೀರೆ ಉಟ್ಟವರು ಒಂದೇ ಕಡೆ ಕಾಲು ಹಾಕಿ ಕೂತಾಗ ಎರಡೂ ಪಾದ ಇಟ್ಟುಕೊಳ್ಳುವುದಕ್ಕೆ. ನನ್ನ ಗಾಡಿಗೂ ಇತ್ತು. ಮೂರನೆಯ ಮಳೆಗಾಲದಲ್ಲಿ ನೆಲೋಗಿಯ ಹತ್ತಿರ ಹೊಲದ ದಾರಿಯಲ್ಲಿ ಎರೆಮಣ್ಣು ಆ ಪಟ್ಟಿಗೂ ಗಾಲಿಗೂ ನಡುವೆ ತುಂಬಿಕೊಂಡು ಗಾಡಿ ನಿಂತೇ ಹೋಯಿತು. ನಾನು ಮುಂದೆ ಎಳೆದೆ, ಅಕ್ಕ ಸೀರೆ ಎತ್ತಿ ಕಟ್ಟಿ ಹಿಂದೆ ನೂಕಿದಳು. ಸಿಟ್ಟಿನಲ್ಲಿ ಪಾನಾದಿಂದ ನಟ್ಟು ತಿರುವಿ ಅಲ್ಲೇ ಆ ಪಟ್ಟಿ ಬಿಚ್ಚಿ ಚೀಲಕ್ಕೆ ಹಾಕಿದೆ.

‘ನಾ ಕಾಲ ಎಲ್ಲಿ ಇಡ್ಲೋ?’ ಎಂದು ಅಕ್ಕ ಕೇಳಿದಳು.

‘ಮಳಿಗಾಲ ಮುಗೀಲಿ, ಮತ್ತ ಹಾಕ್ತೇನಿ’ ಎಂದೆ.

ಪಟ್ಟಿ ಹೋದರೂ ಹಿಂದಿನವರು ಕಾಲಿಡುವ ಸಣ್ಣ ಗುಂಡು ಸಲಾಕೆ ಎಡಕ್ಕೊಂದು ಇದ್ದೇ ಇತ್ತು. ಒಂದು ಪಾದವನ್ನಾದರೂ ಅದರ ಮೇಲೆ ಇಡಬಹುದಿತ್ತು. ಆದರೆ ಅದಕ್ಕೆ ನಾನು ಉಳಿ ಸುತ್ತಿಗೆಯ ಚೀಲ ಕಟ್ಟುತ್ತಿದ್ದೆ. ಬಲಗಡೆ ಕಟ್ಟಿದರೆ ಸೈಲೆನ್ಸರಿಗೆ ತಾಗಿ ಸುಡುತ್ತದೆ. ಮುಂದೆ ಟ್ಯಾಂಕಿನ ಮೇಲಿಟ್ಟರೆ ನನ್ನ ಹೊಟ್ಟೆಗೆ ಒತ್ತುತ್ತದೆ. ಅಕ್ಕ ಒಮ್ಮೆ ಚೀಲದ ಮೇಲೆ ಪಾದ ಇಟ್ಟಳು. ನಾನು ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸಿದೆ.

‘ಅಕ್ಕಾ, ಕಾಲ ಮ್ಯಾಲ ತಗೋ. ಉಳಿ ಅದಾವ. ಅನ್ನ ಕೊಡು ಸಾಮಾನ ಅವು.’

ಅಕ್ಕ ಗಾಬರಿಯಿಂದ ಪಾದ ಎತ್ತಿಕೊಂಡಳು. ಬಗ್ಗಿ ಚೀಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅಂದಿನಿಂದ ಹನ್ನೊಂದು ವರ್ಷ ಅವಳ ಎರಡೂ ಪಾದ ಎಲ್ಲಿಯೂ ಊರಲಿಲ್ಲ. ಆಯುಧ ಪೂಜೆಯ ದಿನ ನಾನು ಉಳಿಗೆ, ಸುತ್ತಿಗೆಗೆ, ಗಾಡಿಗೆ ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದೆ. ಆ ದಿನವೂ ಅಕ್ಕನೇ ಬಂದು ಹೋಳಿಗೆ ಮಾಡುತ್ತಿದ್ದಳು.

ಬಿಚ್ಚಿದ ಪಟ್ಟಿ ಏನಾಯಿತು ಎಂದು ನಿಮಗೆ ಈಗ ತಿಳಿದಿರಬೇಕು. ಮಳೆಗಾಲ ಮುಗಿಯುವ ಮುಂಚೆಯೇ ಅದು ನನ್ನ ಹೊಸ್ತಿಲಿಗೆ ಬಂತು. ಅಕ್ಕ ಬಂದಾಗೆಲ್ಲ ಅದಕ್ಕೇ ಚಪ್ಪಲಿ ಕೆರೆದು ಒಳಗೆ ಬರುತ್ತಿದ್ದಳು. ಒಂದು ಸಲ ಮಾತ್ರ ಅದನ್ನು ನೋಡಿ ನಕ್ಕು, ‘ಭಾಳ ಗಟ್ಟಿ ಅದ ನೋಡು, ಇನ್ನಾ ಹಂಗ ಅದ’ ಎಂದಳು. ನಾನು ಮೊಳೆ ಹೊಡೆದದ್ದನ್ನು ಹೊಗಳಿದಳು ಎಂದು ತಿಳಿದು, ‘ಮತ್ತೇನು, ನನ್ನ ಕೈಗುಣ’ ಎಂದೆ.

ನಾನು ಕೂತ ಮೊದಲ ವಾಹನ ಅಕ್ಕನ ಸೊಂಟ. ಅವಳು ನನಗಿಂತ ಏಳು ವರ್ಷ ದೊಡ್ಡವಳು. ಅವ್ವ ಕೂಲಿಗೆ ಹೋದರೆ ಹೊತ್ತು ಏರುವಾಗ ಅಕ್ಕ ನನ್ನನ್ನು ಬಗಲಿಗೆ ಏರಿಸಿಕೊಂಡು ಬುತ್ತಿ ತಗೊಂಡು ಹೊಲಕ್ಕೆ ಹೋಗುತ್ತಿದ್ದಳು. ಅವಳದು ಆಗ ಮೂಳೆಯ ಸೊಂಟ, ನನಗೆ ಒತ್ತುತ್ತಿತ್ತಂತೆ, ಅಳುತ್ತಿದ್ದೆನಂತೆ. ಅದಕ್ಕೆ ಅವ್ವನ ಹಳೆಯ ಕುಪ್ಪಸ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅದರ ಮೇಲೆ ನನ್ನನ್ನು ಕೂರಿಸುತ್ತಿದ್ದಳು. ನನ್ನ ಮೊದಲ ಸೀಟಿಗೆ ಫೋಮು ಹಾಕಿದವಳು ಅಕ್ಕ. ಒಂದು ಹೊಲ ದಾಟುವುದರೊಳಗೆ ಮೂರು ಸಲ ಕೇಳುತ್ತಿದ್ದಳು: ‘ಕಾಲ ಜುಂ ಅಂತಾವೇನೋ?’ ಹೂಂ ಎಂದರೆ ಈ ಬಗಲಿನಿಂದ ಆ ಬಗಲಿಗೆ ಬದಲಿಸುತ್ತಿದ್ದಳು. ಈ ಮಾತು ನನಗೆ ನೆನಪಿದೆ. ಸುಳ್ಳು ಹೇಳಿ ಸುಮ್ಮಸುಮ್ಮನೆ ಹೂಂ ಅಂದದ್ದೂ ನೆನಪಿದೆ. ಬಗಲು ಬದಲಿಸುವಾಗ ಅವಳು ನನ್ನನ್ನು ಒಂದು ಸಲ ಗಾಳಿಯಲ್ಲಿ ಎತ್ತುತ್ತಿದ್ದಳು, ಅದು ನನಗೆ ಮೋಜು.

ನನ್ನನ್ನು ಹೊರುವುದಕ್ಕಾಗಿ ಅವಳನ್ನು ಶಾಲೆ ಬಿಡಿಸಿದರು. ಆಮೇಲೆ ನಾನೂ ನಾಲ್ಕಕ್ಕೆ ಬಿಟ್ಟೆ. ನಾನು ಶಾಲೆ ಬಿಟ್ಟದ್ದಕ್ಕೆ ಯಾವ ಕಾರಣವೂ ಇಲ್ಲ. ಅವಳು ಬಿಟ್ಟದ್ದಕ್ಕೆ ನಾನೇ ಕಾರಣ.

ಹೋದ ಯುಗಾದಿ ಆದ ಮೇಲೆ ಅಕ್ಕ ನನ್ನ ಜೊತೆ ಬರುವುದನ್ನು ನಿಲ್ಲಿಸಿದಳು. ‘ಸೊಂಟ ಹಿಡದದ, ಇನ್ನ ನನ್ನ ಕೈಲೆ ಆಗಂಗಿಲ್ಲಪಾ’ ಎಂದಳು. ವಯಸ್ಸು ಎಂದುಕೊಂಡೆ. ಒಬ್ಬನೇ ತಿರುಗಿದೆ. ಅಫಜಲಪುರದ ಗಿರಣಿಯವ ನನ್ನ ಹಿಂದಿನ ಖಾಲಿ ಸೀಟು ನೋಡಿ, ‘ಅಕ್ಕಾರು ಬರಲಿಲ್ಲೇನ್ರಿ? ಹಂಗಾದ್ರ ಅವರು ಬರು ದಿವಸನ ಬರ್ರಿ, ಅವಸರ ಇಲ್ಲ’ ಎಂದು ಚಹಾ ಕುಡಿಸಿ ಕಳಿಸಿದ. ಗಾಡಿ ಹಗುರಾಗಿತ್ತು, ಮನಸ್ಸು ಹಗುರಾಗಿರಲಿಲ್ಲ. ಹಿಂದಿನಿಂದ ‘ಎಡಕ್ಕ ಎಮ್ಮಿ ಅದ’, ‘ಕಬ್ಬಿನ ಟ್ರಾಕ್ಟರ ಬಂತು, ಮೆಲ್ಲಕ’ ಎನ್ನುವವರು ಇಲ್ಲದೆ, ಮೂರು ತಾಲೂಕಿನ ಎಮ್ಮೆಗಳನ್ನೆಲ್ಲ ನಾನೇ ನೋಡಿಕೊಳ್ಳಬೇಕಾಯಿತು.

ಆಮೇಲೆ ನನಗೆ ಕುರು ಎದ್ದಿತು. ಎಲ್ಲಿ ಎಂದು ಬಿಡಿಸಿ ಹೇಳಲಾರೆ, ತೊಡೆಯ ಒಳಮಗ್ಗುಲು ಎಂದರೆ ಸಾಕು. ಗಾಡಿ ಹತ್ತುವ ಮನುಷ್ಯನಿಗೆ ಅಲ್ಲಿ ಕುರು ಏಳಬಾರದು. ಅದೇ ವೇಳೆಗೆ ನೆಲೋಗಿಯ ಗಿರಣಿಯ ಕಲ್ಲು ನಿಂತಿತ್ತು, ಮೂರು ಸಲ ಫೋನು ಬಂದಿತ್ತು. ಅಕ್ಕನ ಮಗಳು ಭಾಗ್ಯ ಜೇವರ್ಗಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ರಜೆಗೆ ಬಂದಿದ್ದಳು, ಗಾಡಿ ಚಲೋ ಓಡಿಸುತ್ತಾಳೆ. ‘ನಾ ಹೊಡೀತೇನಿ, ನೀ ಹಿಂದ ಕೂಡು ಮಾಮಾ. ನೆಲೋಗಿಗೆ ನಿನ್ನ ಇಳಿಸಿ ನಾ ಬಸ್ಸಿಗೆ ಜೇವರ್ಗಿಗೆ ಹೋಗ್ತೇನಿ’ ಎಂದಳು. ಕಾಲು ಅಗಲಿಸಿ ಕೂರಲು ಆಗುವಂತಿರಲಿಲ್ಲ. ಒಂದೇ ಕಡೆ ಕಾಲು ಹಾಕಿ, ಧೋತ್ರ ಸರಿ ಮಾಡಿಕೊಂಡು ಕೂತೆ.

ಓಣಿಯ ಕಟ್ಟೆಯ ಮೇಲಿನವರಿಗೆ ಒಂದು ವಾರದ ಮಾತು ಸಿಕ್ಕಿತು. ‘ಏನಲೇ, ತವರಮನಿಗೆ ಹೊಂಟೀ ಏನು?’ ಎಂದ ಒಬ್ಬ. ‘ಸೆರಗ ಗಾಲ್ಯಾಗ ಸಿಕ್ಕೀತು, ಹಿಡ್ಕೋ’ ಎಂದ ಇನ್ನೊಬ್ಬ. ನಾನೂ ನಕ್ಕೆ. ಆಳಂದದವರೆಗೆ ನಗು ಇತ್ತು.

ಆಳಂದ ದಾಟಿದ ಮೇಲೆ ಕಾಲಿನ ಹೆಬ್ಬೆರಳಿನಿಂದ ಜುಂ ಎಂದು ಶುರುವಾಯಿತು. ನೇತಾಡುವ ಕಾಲು ಎಷ್ಟು ಭಾರ ಎಂದು ಕೂತವರಿಗೇ ಗೊತ್ತು. ತಗ್ಗು ಬಂದಾಗ ಏಳೋಣವೆಂದರೆ ಊರಲು ಏನೂ ಇಲ್ಲ, ಪೂರಾ ಪೆಟ್ಟು ಸೊಂಟಕ್ಕೆ. ಮೈಯೆಲ್ಲ ಒಂದು ಕಡೆ ತಿರುಚಿಕೊಂಡು, ಒಂದು ಕೈಯಲ್ಲಿ ಹಿಂದಿನ ಸರಳು ಹಿಡಿದು, ಆ ಗಟ್ಟಿ ಸೀಟಿನ ಮೇಲೆ ಜಾರುತ್ತ ಜಾರುತ್ತ ಅಫಜಲಪುರ ಬರುವುದರೊಳಗೆ ನನ್ನ ಕಾಲು ನನ್ನವಲ್ಲ ಎನ್ನಿಸಿತು. ಕುರುವಿನ ನೋವು ಮರೆತೇ ಹೋಯಿತು. ಭೀಮೆಯ ಸೇತುವೆಯ ಮೇಲೆ ಯಾರೂ ನೋಡುವುದಿಲ್ಲವೆಂದು ಮೆಲ್ಲಗೆ ಎರಡೂ ಪಾದ ಇಳಿಸಿ ಉಳಿಯ ಚೀಲದ ಮೇಲೆ ಇಟ್ಟೆ. ಏನು ಸುಖ ಅಂತೀರಿ.

ಭಾಗ್ಯ ಕನ್ನಡಿಯಲ್ಲಿ ನೋಡಿದಳು.

‘ಮಾಮಾ, ಕಾಲ ಮ್ಯಾಲ ತಗೋ. ಉಳಿ ಅದಾವ.’

ಅವಳು ಚೇಷ್ಟೆಗೆ ಹೇಳಲಿಲ್ಲ. ಚಿಕ್ಕಂದಿನಿಂದ ಮನೆಯಲ್ಲಿ ಕೇಳಿದ್ದನ್ನು ಹೇಳಿದಳು, ಅಷ್ಟೆ. ನಾನು ಪಾದ ಎತ್ತಿಕೊಂಡೆ. ಹನ್ನೊಂದು ವರ್ಷ ಎಂದರೆ ಇಂಥ ಎಷ್ಟು ದಾರಿ ಎಂದು ಎಣಿಸಲು ಹೋದೆ, ನಾಲ್ಕನೆಯ ಇಯತ್ತೆಯ ಲೆಕ್ಕ ಸಾಲಲಿಲ್ಲ.

ನೆಲೋಗಿಯ ಗಿರಣಿಯವನ ತಾಯಿ ಶಾಂತವ್ವ ಬಾಗಿಲಲ್ಲೇ ಇದ್ದಳು. ನಾನು ಇಳಿದು ಗೋಡೆ ಹಿಡಿದು ನಿಂತದ್ದನ್ನು ನೋಡಿ, ‘ಬಚ್ಚಲದಾಗ ಬಿಸಿನೀರ ಅದ, ಕಾಲಿಗೆ ಹಾಕ್ಕೋ ಹೋಗು. ಮಾದೇವಿನೂ ಬಂದಾಗೊಮ್ಮೆ ಮೊದಲ ಅದನ್ನ ಮಾಡ್ತಿದ್ಲು. ಹತ್ತು ತಂಬಿಗಿ ಹಾಕ್ಕೊಂಡ ಮ್ಯಾಲ ಕಾಲ ಊರತಿದ್ದವು ಅಕಿಗೆ’ ಎಂದಳು.

ನಾನು ಏನು ತಿಳಿದಿದ್ದೆ ಗೊತ್ತೇ? ಯಾವ ಊರಿಗೆ ಹೋದರೂ ಅಕ್ಕ ಮೊದಲು ಬಚ್ಚಲಿಗೆ ಹೋಗುವುದನ್ನು ನೋಡಿ ಅದು ಮಡಿ ಎಂದು ತಿಳಿದಿದ್ದೆ. ‘ನಮ್ಮಕ್ಕ ಕಾಲ ತೊಳಿಯದ ಹಿಟ್ಟು ಮುಟ್ಟಂಗಿಲ್ಲರಿ’ ಎಂದು ಗಿರಣಿಯವರ ಮುಂದೆ ಜಂಭ ಕೊಚ್ಚುತ್ತಿದ್ದೆ.

ಕಲ್ಲಿಗೆ ಕಚ್ಚು ಹೊಡೆದು ಕೂರಿಸಿದೆ. ಹಿಟ್ಟು ನಾಲಿಗೆಗೆ ಹಾಕಿಕೊಂಡು, ಅಕ್ಕನಂತೆ ಕಣ್ಣು ಮುಚ್ಚಿ, ‘ಆತ್ರಿ’ ಎಂದೆ. ಶಾಂತವ್ವ ರೊಟ್ಟಿ ಮಾಡಿ ಒಂದು ತುತ್ತು ಕಡಿದಳು. ಕಟ್ ಎಂಬ ಸಪ್ಪಳ ನನಗೂ ಕೇಳಿಸಿತು. ಅವಳು ಬಾಯಿಂದ ಹರಳು ತೆಗೆದು ನನ್ನ ಅಂಗೈ ಮೇಲಿಟ್ಟಳು.

‘ಕಲ್ಲ ನೀ ಕಡೀತಿ ತಮ್ಮಾ, ಹಿಟ್ಟ ಅಕಿ ಕೊಡ್ತಾಳ’ ಎಂದಳು.

ಬೈಯಲಿಲ್ಲ. ನನ್ನ ಕಿಸೆಯಲ್ಲಿದ್ದ ಉಳ್ಳಾಗಡ್ಡಿಯನ್ನೇ ತಗೊಂಡು, ಸುಟ್ಟು, ಅರಿಷಿಣ ಹಚ್ಚಿ ಕುರುವಿಗೆ ಕಟ್ಟಿಕೊಳ್ಳಲು ಕೊಟ್ಟಳು. ಎರಡು ದಿನ ಅಲ್ಲೇ ಇಟ್ಟುಕೊಂಡಳು. ಈ ತಾಯಿಯ ಋಣವೂ ನನ್ನ ಮೇಲಿದೆ. ಕುರು ಒಡೆದು ಗುಣವಾಯಿತು. ನಾನೇ ಗಾಡಿ ಓಡಿಸಿಕೊಂಡು ಊರಿಗೆ ಬಂದೆ. ಮುಂದಿನ ಸೀಟು ಮೆತ್ತಗಿತ್ತು. ಅದರ ಮೇಲೆ ಕೂರಲು ಸಂಕೋಚವಾಗುತ್ತಿತ್ತು.

ಬಂದವನೇ ಸಲಾಕೆ ತಗೊಂಡು ಹೊಸ್ತಿಲ ಮುಂದಿನ ಪಟ್ಟಿ ಕೀಳಲು ಕೂತೆ. ನನ್ನ ಹೆಂಡತಿ, ‘ಚಲೋದು ಯಾಕ ಕೀಳಾಕತ್ತೀರಿ? ಮಂದಿ ಕೆಸರ ಎಲ್ಲಿ ಒರಸ್ಕೋಬೇಕು?’ ಎಂದಳು. ‘ನನ್ನ ಮಾರಿಗೆ ಒರಸ್ಲಿ’ ಎಂದೆ. ಅವಳಿಗೆ ಏನು ತಿಳಿಯಿತೋ, ಒಂದು ಬಕೆಟ್ಟು ನೀರು ತಂದಿಟ್ಟು ಹೋದಳು. ಹನ್ನೊಂದು ವರ್ಷದ ಮಣ್ಣು ಗೆರೆಗಳೊಳಗೆ ಕಲ್ಲಾಗಿತ್ತು. ಉಳಿಯಿಂದಲೇ ಕೆರೆದೆ. ಪೂಜೆಯ ಉಳಿ ಎಂಬುದು ಆಗ ನೆನಪಿಗೆ ಬಂತು, ಆದರೂ ಕೆರೆದೆ.

ಖಾಜಾ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಹೊಸಾದ ಸಿಗ್ತದಲ್ಲ ಭಾಯ್’ ಎಂದ. ಇದೇ ಆಗಬೇಕು ಎಂದೆ. ಮಣ್ಣು ತುಂಬದಂತೆ ಗಾಲಿಯಿಂದ ನಾಲ್ಕು ಬೆರಳು ಹೊರಗೆ ಬರುವ ಹಾಗೆ ವೆಲ್ಡಿಂಗು ಮಾಡಿಕೊಟ್ಟ. ಇಷ್ಟೇ ಕೆಲಸ. ಹನ್ನೊಂದು ವರ್ಷದ ಹಿಂದೆಯೂ ಇಷ್ಟೇ ಇತ್ತು. ಹಿಂದಿನ ಸೀಟಿಗೆ ಹೊಸ ಫೋಮು ಹಾಕಿಸಿದೆ. ಉಳಿಯ ಚೀಲವನ್ನು ಟ್ಯಾಂಕಿನ ಮೇಲೆ ಕಟ್ಟಿದೆ. ಹೊಟ್ಟೆಗೆ ಒತ್ತುತ್ತದೆ, ಒತ್ತಲಿ.

ಮೂರು ದಿನ ಅಕ್ಕನ ಮನೆಯ ಮುಂದೆ ಗಾಡಿ ನಿಲ್ಲಿಸಿ, ಹಾಗೇ ಮುಂದೆ ಹೋದೆ. ತಪ್ಪಾಯಿತು ಎನ್ನುವ ಮಾತು ನಾಲಿಗೆಗೆ ಬರುತ್ತಿತ್ತು. ಅಟ್ಟೆಯಾದ ನಾಲಿಗೆ, ಹೊರಳುತ್ತಿರಲಿಲ್ಲ. ನಾಲ್ಕನೆಯ ದಿನ ಅಕ್ಕನೇ ಹೊರಗೆ ಬಂದಳು.

‘ಏನೋ, ಎಮ್ಮಿ ಕಳಕೊಂಡವರ ಗತೆ ದಿನಾ ತಿರಗಾಕತ್ತಿ?’

‘ಭೂಸನೂರ ಗಿರಣಿ ಕಲ್ಲ ಕಡೀಬೇಕಾಗ್ಯಾದ’ ಎಂದೆ. ‘ಬರ್ತೀ ಏನು?’

‘ನನ್ನ ಸೊಂಟ?’

‘ಭೂಸನೂರತನ ಅಷ್ಟ. ಮೆಲ್ಲಕ ಹೋಗಮು. ಬ್ಯಾಸರಾದಲ್ಲಿ ನಿಂದ್ರಮು.’

ಅಕ್ಕ ನನ್ನ ಮುಖ ನೋಡಿದಳು. ಒಳಗೆ ಹೋಗಿ ಸೆರಗು ಸರಿ ಮಾಡಿಕೊಂಡು ಬಂದು, ನನ್ನ ಹೆಗಲು ಹಿಡಿದು ಹತ್ತಿ ಕೂತಳು. ಸೀಟು ಮೆತ್ತಗಾದದ್ದು ಗೊತ್ತಾಗಿರಬೇಕು, ಒಂದು ಗಳಿಗೆ ಅಲುಗಾಡದೆ ಇದ್ದಳು. ನಾನು ಗಾಡಿ ಚಾಲು ಮಾಡಿ ಕನ್ನಡಿಯಲ್ಲಿ ಕೆಳಗೆ ನೋಡಿದೆ. ಪಟ್ಟಿ ಅಲ್ಲೇ ಇತ್ತು. ಅಕ್ಕನ ಎರಡೂ ಪಾದ ಅದಕ್ಕಿಂತ ಒಂದು ಗೇಣು ಮೇಲೆ, ಗಾಳಿಯಲ್ಲಿದ್ದವು. ಅಲ್ಲಿ ಕಾಲು ಇಡಬಾರದೆಂದು ಅವಳ ಕಾಲಿಗೆ ಕಲಿಸಿಬಿಟ್ಟಿದ್ದೆ.

ಗಾಡಿ ಬಂದ್ ಮಾಡಿ ಕೆಳಗಿಳಿದೆ. ಸ್ಟ್ಯಾಂಡು ಹಾಕಿ, ಮಣ್ಣಿನಲ್ಲಿ ಮೊಣಕಾಲೂರಿ ಕೂತು, ಅಕ್ಕನ ಒಂದು ಪಾದ ಹಿಡಿದು ಪಟ್ಟಿಯ ಮೇಲೆ ಇಟ್ಟೆ. ಆಮೇಲೆ ಇನ್ನೊಂದು. ಹಿಮ್ಮಡಿ ಒಡೆದಿತ್ತು. ಬೆರಳು ತಣ್ಣಗಿದ್ದವು.

ಅಕ್ಕ ಪಟ್ಟಿಯನ್ನು ನೋಡಿದಳು. ಗುರುತು ಹತ್ತಿತು.

‘ಏ, ಬಿಡೋ. ಮಂದಿ ನೋಡಾಕತ್ತಾರ’ ಎಂದಳು.

‘ನೋಡ್ಲಿ’ ಎಂದೆ. ಪಾದ ಬಿಡಲಿಲ್ಲ. ‘ಅಕ್ಕಾ, ಕಾಲ ಜುಂ ಅಂತಾವೇನು ಅಂತ ನೀ ನನಗ ಒಂದ ಹೊಲಕ್ಕ ಮೂರ ಸಲ ಕೇಳತಿದ್ದಿ. ನಾ ನಿನಗ ಒಂದು ಸಲಾನೂ ಕೇಳಲಿಲ್ಲ. ನನ್ನ ಉಳಿಗಿ ಜಾಗಾ ಮಾಡಿ ನಿನ್ನ ಕಾಲ ಹನ್ನೊಂದ ವರ್ಷ ಗಾಳ್ಯಾಗ ಇಟ್ಟೆ. ತಪ್ಪಾತಕ್ಕಾ.’